ಲ್ಯಾಪ್‌ಟಾಪಿನ ಮೇಲೆ ಕೂತ ಕಾರಿನ ಗಣಪ

ಚಾಕುವಿನ ತುದಿ ಬ್ಯಾಟರಿಯಿಂದ ಒಂದು ಮೆಣಸಿನ ಕಾಳಿನಷ್ಟು ದೂರದಲ್ಲಿ ನಿಂತದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಹೆಬ್ಬಾಳದ ಮೇಲ್ಸೇತುವೆಯಲ್ಲಿ ಬಸ್ಸು ನಿಂತಾಗಲೆಲ್ಲ ಆ ತುದಿ ಎದುರಿಗೆ ಬರುತ್ತದೆ.

ಅಲ್ಲಿಗೆ ಹತ್ತಿರದ ಗಂಗಾನಗರದಲ್ಲಿ ಅಕ್ಕನ ಮನೆ. ಹನ್ನೊಂದಕ್ಕೆ ಅಕ್ಕ ಒಂದು ಕಾಲೇಜಿನವರಿಗೆ ಆನ್‌ಲೈನಿನಲ್ಲಿ ಮಾದರಿ ಪಾಠ ಮಾಡಿ ತೋರಿಸಬೇಕಿತ್ತು. ಕೆಲಸ ಬಿಟ್ಟು ಎಂಟು ವರ್ಷ ಮನೆಯಲ್ಲಿದ್ದ ಮೇಲೆ ಬಂದ ಮೊದಲ ಕರೆ. ಪಾಠವೆಲ್ಲ ಇದ್ದದ್ದು ಅವಳ ಹಳೆಯ ಲ್ಯಾಪ್‌ಟಾಪಿನಲ್ಲೇ. ಅದು ನಿಧಾನವೆಂದು ಭಾವ ಒಂಬತ್ತೂವರೆಗೆ ವೇಗ ಹೆಚ್ಚಿಸುವ ಹೊಸ ಮೆಮೊರಿ ಪಟ್ಟಿ, ರ‍್ಯಾಮ್, ಹಾಕಿದರು. ಭಾವ ಮನೆ ಕಟ್ಟಿಸುವ ಕಂಟ್ರಾಕ್ಟರು. ಅವರ ಪ್ರಕಾರ ಬೋರ್‌ವೆಲ್ ಮೋಟಾರಿನಿಂದ ಹಿಡಿದು ಕಂಪ್ಯೂಟರಿನವರೆಗೆ ಇರುವುದು ಒಂದೇ ಕಾಯಿಲೆ.

ಹೊಸ ಸಾಮಾನನ್ನು ಪೂಜೆಯಿಲ್ಲದೆ ಶುರು ಮಾಡುವುದುಂಟೆ? ಅಕ್ಕನ ಅತ್ತೆ ಕಾರಿನ ಡ್ಯಾಶ್‌ಬೋರ್ಡಿನಿಂದ ಪುಟ್ಟ ಗಣಪನನ್ನು ಕಿತ್ತು ತಂದು, ಕೀಬೋರ್ಡಿನ ಕೆಳಗಿನ ಖಾಲಿ ಜಾಗದಲ್ಲಿ ಕೂರಿಸಿ ಕುಂಕುಮವಿಟ್ಟರು. ಭಾವ ಬಟನ್ ಒತ್ತಿದರು. ಫ್ಯಾನ್ ತಿರುಗಿತು, ಲೈಟ್ ಉರಿಯಿತು. ಪರದೆ ಮಾತ್ರ ಅಮಾವಾಸ್ಯೆ.

"ಲೂಸ್ ಕಾಂಟ್ಯಾಕ್ಟ್ ಗುರು," ಎಂದರು ಭಾವ, ನನಗೆ.

"ಹ್ಞೂಂ, ನಿಮ್ ತಲೇಲಿ ಕಣ್ರೀ," ಎಂದಳು ಅಕ್ಕ.

ಭಾವ ಬಟನ್ ಒತ್ತಿ ಹಿಡಿದು ಆರಿಸಿದ ಮೇಲೆ ಅತ್ತೆ ಗಣಪನನ್ನು ಎತ್ತಿ ಸೆರಗಿನಲ್ಲಿಟ್ಟುಕೊಂಡರು. ಭಾವ ಲ್ಯಾಪ್‌ಟಾಪನ್ನು ಬೋರಲು ಹಾಕಿ ಬಿಚ್ಚಿ, ರ‍್ಯಾಮನ್ನು ತೆಗೆದು, ಊದಿ, ಮತ್ತೆ ಹಾಕಿ ಮುಚ್ಚಿದರು. ಅತ್ತೆ ಗಣಪನನ್ನು ಕೂರಿಸಿದರು. ಬಟನ್. ಕತ್ತಲು. ಹಳೆಯ ರ‍್ಯಾಮನ್ನೇ ವಾಪಸ್ ಹಾಕಿದರು. ಗಣಪ, ಬಟನ್, ಕತ್ತಲು.

ಹತ್ತೂ ಮುಕ್ಕಾಲಾಯಿತು. ಭಾವ ಮತ್ತೆ ಬಿಚ್ಚಿದರು. "ಬ್ಯಾಟ್ರಿ ಎಬ್ಬಿಸಿ ನೋಡೋಣ," ಎಂದು ಅಡುಗೆಮನೆಯಿಂದ ಟೊಮೆಟೊ ಬೀಜ ಅಂಟಿದ್ದ ಚಾಕು ತಂದರು. ಅದು ಸರ್ರನೆ ಜಾರಿತು. ಬ್ಯಾಟರಿಗೆ ಚುಚ್ಚಿದರೆ ಹೊತ್ತಿಕೊಳ್ಳುತ್ತದೆ ಎಂದು ಎಲ್ಲೋ ಓದಿದ್ದ ನಾನು "ಭಾವಾ!" ಎಂದು ಕಿರುಚಿದೆ. ತುದಿ ನಿಂತಿತು.

"ಯಾಕ್ಲಾ ಇಂಗ್ ಕಿರಚ್ಕೊಂತೀಯ? ಗಣಪ ಇಲ್ಲೇ ಅವ್ನಲ್ಲಾ!" ಎಂದರು ಅತ್ತೆ.

ಚಾಕು ಅಡುಗೆಮನೆಗೆ ಮರಳಿತು, ಲ್ಯಾಪ್‌ಟಾಪಿನ ತಳ ಮುಚ್ಚಿತು, ಗಣಪ ಕೂತ, ಮತ್ತದೇ ಕತ್ತಲು. ಅಕ್ಕ ಗಡಿಯಾರ ನೋಡಿದಳು. ಕುಂಕುಮ ಕೀಬೋರ್ಡಿನ ಮೇಲೆಲ್ಲ ಉದುರಿತ್ತು. ಒರೆಸೋಣವೆಂದು ಗಣಪನನ್ನು ಎತ್ತಿಕೊಂಡೆ.

ಪರದೆ ಬೆಳಗಿತು!

ಅತ್ತೆ ಕೈ ಮುಗಿದು, ಅವನನ್ನು ನನ್ನಿಂದ ಕಸಿದು ಅಲ್ಲೇ ಕೂರಿಸಿದರು. ಕತ್ತಲು. ಎತ್ತಿದೆ, ಬೆಳಕು. ಭಾವ ಗಣಪನನ್ನು ತಿರುಗಿಸಿ ನೋಡಿದರು. ಅಡಿಯಲ್ಲಿ ಗುಂಡನೆಯ ಅಯಸ್ಕಾಂತ.

"ಲ್ಯಾಪ್‌ಟಾಪಿನ ಮುಚ್ಚಳದಲ್ಲೂ ಮ್ಯಾಗ್ನೆಟ್ ಇರುತ್ತೆ ಕಣೇ. ಗಣಪ ಕೂತ್ರೆ ಮುಚ್ಚಳ ಮುಚ್ಚಿದ್ರು ಅಂದ್ಕೊಂಡು ಪರದೆ ಆರ್ಸತ್ತೆ," ಎಂದರು, ಮೊದಲಿಂದಲೂ ಗೊತ್ತಿದ್ದವರಂತೆ.

ಗಣಪನನ್ನು ಕೋಣೆಯಿಂದ ಆಚೆ ಕಳಿಸಲು ಅತ್ತೆ ಒಪ್ಪಲಿಲ್ಲ. ಹಾಗಾಗಿ ಅಕ್ಕನ ಎದುರಿಗೆ, ಲ್ಯಾಪ್‌ಟಾಪಿನಿಂದ ನಾಲ್ಕು ಅಡಿ ಹಿಂದೆ, ಅಂಗೈಯಲ್ಲಿ ಗಣಪನನ್ನು ಹೊತ್ತು ಮುಕ್ಕಾಲು ಗಂಟೆ ನಿಂತೆ. ಕೈ ಸ್ವಲ್ಪ ಇಳಿದರೆ ಬಾಗಿಲಿನಿಂದ ಅತ್ತೆ ಕಣ್ಣು ಬಿಡುತ್ತಿದ್ದರು. ಅಕ್ಕ ಮಾತ್ರ ಒಂದು ಕಡೆಯೂ ತಡವರಿಸಲಿಲ್ಲ. ಪಾಠ ಮುಗಿದಾಗ, ಸೋಮವಾರ ಬಂದು ಸೇರಿಕೊಳ್ಳಿ ಎಂದರು ಕಾಲೇಜಿನವರು.

"ಯಾರಿಂದ ಆಯ್ತು, ಯೋಳು?" ಎಂದರು ಅತ್ತೆ ಮಗನಿಗೆ.

"ಹೊಸ ರ‍್ಯಾಮಿಂದ ಕಣಮ್ಮ," ಎಂದರು ಭಾವ. ಅದು ಅವರ ಅಂಗಿಯ ಜೇಬಿನಲ್ಲೇ ಇತ್ತು.