ನಾನು ಕಾಣದ ಕನಸು

ಅಪ್ಪ ತೀರಿಕೊಂಡ ಮೇಲೆ ಅಮ್ಮ ದಿನಾ ಬೆಳಗ್ಗೆ ನನ್ನನ್ನು ಒಂದೇ ಮಾತು ಕೇಳುತ್ತಿದ್ದಳು.

"ನಿಮ್ಮಪ್ಪ ಬಂದಿದ್ರೇನೇ?"

ಕನಸಿನಲ್ಲಿ ಎಂದು ಬಿಡಿಸಿ ಹೇಳುವ ಅಗತ್ಯ ನಮ್ಮಲ್ಲಿರಲಿಲ್ಲ. ಹೋದವರು ಮೊದಮೊದಲು ಮನೆಯ ಯಾರಾದರೊಬ್ಬರ ಕನಸಿಗೆ ಬಂದೇ ಬರುತ್ತಾರೆ, ಹೇಳದೆ ಉಳಿದದ್ದನ್ನು ಹೇಳಿ ಹೋಗುತ್ತಾರೆ ಎಂಬುದು ಅಮ್ಮನ ತವರಿನವರ ನಂಬಿಕೆ. ಅಪ್ಪ ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಕೆಲಸಕ್ಕಿದ್ದವರು. ಒಂದು ಬೆಳಗ್ಗೆ ಊಟ ಮುಗಿಸಿ ಕೈ ತೊಳೆಯಲು ಎದ್ದವರು ಅಲ್ಲೇ ಕುಸಿದರು. ಯಾರಿಗೂ ಏನೂ ಹೇಳಲಾಗಲಿಲ್ಲ. ಅದಕ್ಕೇ ಅಮ್ಮ ಕಾಯುತ್ತಿದ್ದಳು.

ತಿಥಿ ಮುಗಿದ ಮೇಲೆ ಅವಳನ್ನು ಚಿಕ್ಕಬಳ್ಳಾಪುರಕ್ಕೆ, ನಮ್ಮ ಮನೆಗೆ ಕರೆತಂದೆ. ನಾನು ಕಾಲೇಜಿನಲ್ಲಿ ಮನಃಶಾಸ್ತ್ರ ಹೇಳಿಕೊಡುತ್ತೇನೆ. ನನ್ನ ಗಂಡ ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿಬಿಡುತ್ತಿದ್ದರು. ಎರಡೂವರೆ ವರ್ಷದ ಮಗಳನ್ನು ಅಮ್ಮ ನೋಡಿಕೊಳ್ಳತೊಡಗಿದಳು. ನಮಗೆಲ್ಲ ಅನುಕೂಲವಾಯಿತು. ಅಮ್ಮನಿಗೆ ಏನಾಯಿತು ಎಂದು ನಾನು ಯೋಚಿಸಲಿಲ್ಲ.

ಮೂರನೇ ತಿಂಗಳಲ್ಲಿ ನಗರಗೆರೆಯಿಂದ ಚಿಕ್ಕಮ್ಮ ಫೋನ್ ಮಾಡಿದಳು. ಅವಳದೂ ಒಂಟಿ ಜೀವ. "ಬಾ ಅಕ್ಕ, ಇಬ್ರೂ ಒಟ್ಟಿಗಿರಣ" ಎಂದಳು. ಫೋನ್ ಇಟ್ಟ ಅಮ್ಮನ ಮುಖದಲ್ಲಿ ಎಷ್ಟೋ ದಿನಗಳ ಮೇಲೆ ಗೆಲುವು ಕಂಡಿತು. ಬರುವ ವಾರ ಹೊರಡುತ್ತೇನೆ ಎಂದಳು. ನಾನು ಆಯಿತು ಎಂದೆ. ಆಮೇಲೆ ಒಳಗೆ ಹೋಗಿ ಕಾಲೇಜಿನ ವೇಳಾಪಟ್ಟಿ ನೋಡುತ್ತ ಕುಳಿತೆ.

ಮರುದಿನ ಬೆಳಗ್ಗೆ ಅವಳು ಎಂದಿನಂತೆ ಕೇಳಿದಾಗ, "ಬಂದಿದ್ರು" ಎಂದುಬಿಟ್ಟೆ.

ಅಮ್ಮ ಕಾಫಿ ಲೋಟ ಕೆಳಗಿಟ್ಟಳು. "ಏನಂದ್ರು?"

ಕನಸನ್ನು ಹೇಗೆ ಕಟ್ಟಬೇಕೆಂದು ನನಗೆ ಗೊತ್ತಿತ್ತು. ಕನಸಿನಲ್ಲಿ ಜಾಗಗಳು ಬೆರೆತುಹೋಗುತ್ತವೆ, ಮಾತು ಅರ್ಧಕ್ಕೆ ನಿಲ್ಲುತ್ತದೆ ಎಂದು ತರಗತಿಯಲ್ಲಿ ನಾನೇ ಪಾಠ ಮಾಡಿದ್ದೆ. ಎಲ್ಲವನ್ನೂ ಸ್ಪಷ್ಟವಾಗಿ ಹೇಳಿದರೆ ಸುಳ್ಳೆನಿಸುತ್ತದೆಂದು, ಮಾರುಕಟ್ಟೆಯೂ ನಮ್ಮ ಅಡುಗೆಮನೆಯೂ ಒಂದೇ ಆಗಿತ್ತು ಎಂದೆ. ಅಪ್ಪನ ಮುಖ ಸರಿಯಾಗಿ ಕಾಣಲಿಲ್ಲ, ಬರೀ ದನಿ ಕೇಳಿಸಿತು ಎಂದೆ. "ಮಗು ಹತ್ರಾನೇ ಇರಕ್ಕೇಳು ಅಂದ್ರು. ಇನ್ನೂ ಏನೋ ಹೇಳ್ತಿದ್ರು, ಅಷ್ಟ್ರಲ್ಲಿ ಎಚ್ಚರ ಆಯ್ತು."

ಅಮ್ಮ ಚಿಕ್ಕಮ್ಮನಿಗೆ ತಾನೇ ಫೋನ್ ಮಾಡಿ ಬರುವುದಿಲ್ಲವೆಂದಳು. ಆ ದಿನ ನಾನು ಹಗುರಾಗಿ ಕಾಲೇಜಿಗೆ ಹೋದೆ. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ. ಎರಡು ತಿಂಗಳ ಮೇಲೆ ಅವಳು ಮತ್ತೆ ನಗರಗೆರೆಯ ಮಾತೆತ್ತಿದಾಗ ಅಪ್ಪನನ್ನು ಇನ್ನೊಮ್ಮೆ ಕರೆಸಿದೆ. ಎರಡನೆಯ ಸುಳ್ಳು ಮೊದಲನೆಯದಕ್ಕಿಂತ ಸಲೀಸಾಗಿ ಬಂತು.

ಅದಾದ ಮೇಲೆ ಅಮ್ಮ ಸೊರಗತೊಡಗಿದಳು. ವಯಸ್ಸು ಎಂದುಕೊಂಡೆ. ಒಂದು ಮಧ್ಯಾಹ್ನ ಪರೀಕ್ಷೆಯ ಕೆಲಸ ಬೇಗ ಮುಗಿದು ಮನೆಗೆ ಬಂದೆ. ಮಗಳು ಚಾಪೆಯ ಮೇಲೆ ಮಲಗಿದ್ದಳು. ಪಕ್ಕದಲ್ಲಿ ಅಮ್ಮ ಅಪ್ಪನ ಪಂಚೆಯನ್ನು ಮಡಿಸಿ ತಲೆಯ ಕೆಳಗಿಟ್ಟುಕೊಂಡು, ಕಣ್ಣು ಬಿಗಿಯಾಗಿ ಮುಚ್ಚಿ ಮಲಗಿದ್ದಳು. ನಿದ್ದೆ ಮಾಡಿರಲಿಲ್ಲ. ರೆಪ್ಪೆ ಅದುರುತ್ತಿತ್ತು.

"ಯಾಕಮ್ಮ, ಹುಷಾರಿಲ್ವಾ?"

"ನಿದ್ದೇನೇ ಬರ್ತಿಲ್ಲ ಕಣೇ. ರಾತ್ರೀನೂ ಇಲ್ಲ, ಹಗಲೂ ಇಲ್ಲ. ನಿದ್ದೆ ಬರ್ದೆ ಅವರೆಂಗೆ ಬರ್ತಾರೆ?" ಎದ್ದು ಕುಳಿತಳು. "ಮೂವತ್ತೈದ್ ವರ್ಷ ಜೊತೇಲಿದ್ದೋಳು ನಾನು. ನಿನ್ ಹತ್ರ ಎರಡ್ ಸಲ ಬಂದ್ರು. ನನ್ ಹತ್ರ ಯಾಕ್ ಬರ್ಲಿಲ್ಲ? ಅವತ್ತು ಮುದ್ದೆ ಗಂಟಾಗೈತೆ ಅಂದ್ರು. ನಾನು ಮಾತಾಡ್ದೆ ಮುಖ ತಿರುಗಿಸ್ಕೊಂಡೆ. ಅದೇ ಕೊನೆ. ಅದಕ್ಕೇನಾ?"

ಆಗಲೇ ಹೇಳಿಬಿಡಬೇಕಿತ್ತು. ಬದಲಿಗೆ ನಾನು, ಬರಲಿ ಎಂದು ಹಟ ಹಿಡಿದರೆ ನಿದ್ದೆ ಬರುವುದಿಲ್ಲ, ಕನಸು ನಮ್ಮ ಕೈಯಲ್ಲಿಲ್ಲ ಎಂದೆಲ್ಲ ಮೇಡಮ್ಮಿನ ದನಿಯಲ್ಲಿ ವಿವರಿಸಿದೆ. ಅಮ್ಮ ಓದಿದ ಮಗಳ ಮಾತನ್ನು ತಲೆಯಾಡಿಸುತ್ತ ಕೇಳಿಸಿಕೊಂಡಳು. ಆ ತಲೆಯಾಡಿಕೆಯನ್ನು ನನ್ನಿಂದ ಮರೆಯಲಾಗಿಲ್ಲ.

ಬಾಯಿಬಿಡಲು ಮತ್ತೆ ಒಂಬತ್ತು ದಿನ ಬೇಕಾದವು. ಭಾನುವಾರ ಇಬ್ಬರೂ ಅವರೆಕಾಯಿ ಸುಲಿಯುತ್ತಿದ್ದೆವು. ಅವಳ ಮುಖ ನೋಡಲಾಗದೆ ಮೊರ ನೋಡುತ್ತಲೇ ಹೇಳಿದೆ: "ಅಮ್ಮ, ಅಪ್ಪ ಬಂದಿರ್ಲಿಲ್ಲ. ಎರಡ್ ಸಲಾನೂ ನಾನೇ ಕಟ್ಟಿ ಹೇಳ್ದೆ. ನೀನು ಹೋಗ್ಬಿಟ್ರೆ ಮಗೂಗೆ ಯಾರು ಅಂತ."

ಅಮ್ಮನ ಕೈ ನಿಲ್ಲಲಿಲ್ಲ. ಇನ್ನೂ ನಾಲ್ಕೈದು ಕಾಯಿ ಸುಲಿದಳು.

"ನಿನ್ ಹತ್ರಾನೂ ಬಂದಿಲ್ವಾ?"

"ಇಲ್ಲ."

"ಹಂಗಾದ್ರೆ ಯಾರ ಹತ್ರಾನೂ ಬಂದಿಲ್ಲ." ಅವಳ ಭುಜ ಕೊಂಚ ಇಳಿದಂತೆ ಕಂಡಿತು. ಬೈಯುವಳೇನೋ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು. ಸಿಪ್ಪೆಗಳನ್ನು ಪಕ್ಕಕ್ಕೆ ಸರಿಸುತ್ತ ಮೆಲ್ಲಗೆ ಅಂದಳು: "ಇರಮ್ಮ ಅಂತ ನೀನೇ ಕೇಳಿದ್ರೆ ಇರ್ತಿದ್ನಲ್ಲೇ. ಅವರ ಬಾಯಲ್ಲಿ ಯಾಕೆ ಹೇಳ್ಸ್ದೆ?"

ಕೇಳಿದ್ದರೆ ಅವಳಿಗೆ ಋಣಿಯಾಗಬೇಕಿತ್ತು ಎಂಬುದೊಂದೇ ನನಗೆ ಹೊಳೆಯುವ ಕಾರಣ. ಸತ್ತವರ ಹೆಸರು ಹೇಳಿದರೆ ಆ ಭಾರವಿಲ್ಲ.

ಮಂಗಳವಾರ ಅವಳನ್ನು ಗೌರಿಬಿದನೂರಿನವರೆಗೆ ಕರೆದುಕೊಂಡು ಹೋಗಿ ನಗರಗೆರೆಯ ಬಸ್ ಹತ್ತಿಸಿದೆ. ಮಗಳು ಅಜ್ಜಿಯ ಸೆರಗು ಬಿಡಲಿಲ್ಲ, ನಾನೇ ಬಿಡಿಸಿದೆ. ಅಮ್ಮ ಕಿಟಕಿಯಿಂದ ಮಗುವಿಗೆ ಕೈಬೀಸಿದಳು. ನನಗೆ, "ಮಗೂಗೆ ಬಿಸಿನೀರೇ ಕುಡಿಸು" ಎಂದಷ್ಟೇ ಹೇಳಿದಳು.

ತಿಂಗಳಾದ ಮೇಲೆ ಚಿಕ್ಕಮ್ಮ ಫೋನಿನಲ್ಲಿ, ಅಕ್ಕ ಮಧ್ಯಾಹ್ನ ಉಂಡು ಮಲಗಿದರೆ ಎಮ್ಮೆ ಕೂಗಿದರೂ ಏಳುವುದಿಲ್ಲ ಎಂದು ನಗುತ್ತ ದೂರಿದಳು. ನನ್ನ ಮನೆಯಲ್ಲಿ ನಾನು ಕಿತ್ತುಕೊಂಡ ನಿದ್ದೆ ಅದು.

ಮಗಳನ್ನು ಈಗ ಹಿಂದಿನ ಬೀದಿಯ ಹೆಂಗಸೊಬ್ಬರು ನೋಡಿಕೊಳ್ಳುತ್ತಾರೆ. ಇನ್ನೂ ಮೂರು ಮಕ್ಕಳು ಅಲ್ಲಿಗೆ ಬರುತ್ತವೆ. ಮಗಳು ಅಳದೆ ಹೋಗುತ್ತಾಳೆ. ಆ ಹೆಂಗಸನ್ನು ಹುಡುಕಲು ನನಗೆ ನಾಲ್ಕೇ ದಿನ ಹಿಡಿಯಿತು.