ನಮ್ಮೂರಲ್ಲಿ ಇಲ್ಲದ ಅಕ್ಷರ

ಆ ಕಾಲದಲ್ಲಿ ನಮ್ಮೂರಲ್ಲಿ ‘ಹ’ ಅನ್ನುವ ಅಕ್ಷರವೇ ಇರಲಿಲ್ಲ. ಶಾಲೆಯ ಗೋಡೆಯ ಮೇಲೆ ಇತ್ತು. ‘ಸ’ಕ್ಕೂ ‘ಳ’ಕ್ಕೂ ನಡುವೆ ನೀಲಿ ಬಣ್ಣದಲ್ಲಿ ದಪ್ಪಗೆ ಬರೆದಿದ್ದರು. ಯಾರ ಬಾಯಲ್ಲೂ ಇರಲಿಲ್ಲ, ಅಷ್ಟೆ. ನಾವು ಆಲು ಕುಡಿಯುತ್ತಿದ್ದೆವು, ಊವ ಮುಡಿಯುತ್ತಿದ್ದೆವು, ಒಲಕ್ಕೆ ಓಗುತ್ತಿದ್ದೆವು. ಕಾಮಗೆರೆಯಿಂದ ಎರಡು ಮೈಲಿ ಒಳಗಿದ್ದ ನಮ್ಮೂರಿನವರಿಗೆ ಅದರಿಂದ ಏನೂ ಕಡಿಮೆಯಾಗಿರಲಿಲ್ಲ. ಹಾಜರಿ ಪುಸ್ತಕದಲ್ಲಿ ನಾನು ಮಹದೇವಿ, ಊರಿಗೆಲ್ಲ ಮಾದೇವಿ.

ಇದನ್ನೆಲ್ಲ ಈಗ ಕೆದಕಿದ್ದು ಹೋದ ಭಾನುವಾರ ನೋಡಿದ ಒಂದು ಸಿನಿಮಾ. ನಾನು, ಆರನೇ ಕ್ಲಾಸಿನ ನನ್ನ ಮಗಳು ಸಿಂಚನ, ಊರಿನಿಂದ ಬಂದಿದ್ದ ನಮ್ಮವ್ವ, ಮೂವರೂ ಕೊಳ್ಳೇಗಾಲದಲ್ಲಿ ಮ್ಯಾಟಿನಿಗೆ ಹೋಗಿದ್ದೆವು. ಬೆಟ್ಟದ ಮೇಲೊಂದು ಶಾಲೆ. ಅಲ್ಲಿಗೆ ಸಂಗೀತದ ಮೇಷ್ಟ್ರು ಬರುತ್ತಾರೆ. ಮಕ್ಕಳು ತಟ್ಟೆ, ಬಕೆಟ್ಟು, ಎಣ್ಣೆ ಡಬ್ಬ ಬಡಿಯುತ್ತಾ ಒಂದು ತಂಡ ಕಟ್ಟುತ್ತಾರೆ. ಅವರಲ್ಲೊಬ್ಬಳಿಗೆ ಮಾತು ನೆಟ್ಟಗೆ ಬರುವುದಿಲ್ಲ. ಕೊನೆಗೆ ದೊಡ್ಡ ಊರಿನ ಸ್ಪರ್ಧೆಯಲ್ಲಿ ಅವಳು ಹಾಡುತ್ತಾಳೆ, ತಪ್ಪಾಗಿಯೇ ಹಾಡುತ್ತಾಳೆ. ಸಭೆ ಒಂದು ಗಳಿಗೆ ಸುಮ್ಮನಾಗುತ್ತದೆ. ಆಮೇಲೆ ತೀರ್ಪುಗಾರರೇ ಎದ್ದು ನಿಂತು ಚಪ್ಪಾಳೆ ತಟ್ಟುತ್ತಾರೆ.

ಥಿಯೇಟರಿನಲ್ಲಿ ಸುತ್ತಲೂ ಮೂಗು ಒರೆಸಿಕೊಳ್ಳುವ ಸದ್ದು. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, “ಎಷ್ಟ್ ಚೆಂದಾಗದೆ ಕಣವ್ವ” ಅಂದಳು. ನನಗೋ ಮೈಯೆಲ್ಲ ಉರಿಯುತ್ತಿತ್ತು. ಸುಳ್ಳು ಹೇಳುವುದಕ್ಕೂ ಒಂದು ಮಿತಿ ಬೇಡವೇ? ಅಂಥದೇ ಸ್ಟೇಜಿನ ಮೇಲೆ ನಿಂತು, ಅಂಥದೇ ತಪ್ಪು ಹಾಡಿದವಳು ನಾನು. ಯಾರೂ ಎದ್ದು ನಿಲ್ಲಲಿಲ್ಲ.

ನಾನು ಐದನೇ ಕ್ಲಾಸಿನಲ್ಲಿದ್ದ ಮಳೆಗಾಲ ಅದು. ಮೈಸೂರಿನಿಂದ ವಸುಧಾ ಮಿಸ್ ಅನ್ನುವವರು ಹೊಸದಾಗಿ ನಮ್ಮ ಶಾಲೆಗೆ ಬಂದಿದ್ದರು. ಹತ್ತಿರ ಬಂದರೆ ಒಳ್ಳೆಯ ಸೋಪಿನ ವಾಸನೆ ಬರುತ್ತಿತ್ತು. ಪ್ರಾರ್ಥನೆಯಲ್ಲಿ ನನ್ನ ದನಿ ಕೇಳಿದ ದಿನವೇ ಕರೆದು, “ಎಲ್ಲಿ ಕಲಿತೆ?” ಅಂದರು. “ಒಲದಲ್ಲಿ ಮಿಸ್” ಅಂದೆ. ನಿಜವೇ. ನಮ್ಮವ್ವ ಕಳೆ ಕೀಳುವಾಗ ಹಾಡು ಎತ್ತಿಕೊಟ್ಟರೆ ಉಳಿದ ಹೆಂಗಸರು ಹಿಡಿದುಕೊಳ್ಳುತ್ತಿದ್ದರು. ನಾನು ಬದುವಿನ ಮೇಲೆ ಕುಳಿತು ಅದನ್ನೇ ಕೇಳಿ ಬೆಳೆದವಳು.

ಕೊಳ್ಳೇಗಾಲದಲ್ಲಿ ಶಾಲೆಗಳ ಹಾಡಿನ ಸ್ಪರ್ಧೆ ಇತ್ತು. ಆರು ಹುಡುಗಿಯರ ತಂಡ ಮಾಡಿ, ಮಿಸ್ಸೇ ಒಂದು ಹಾಡು ಬರೆದರು. ಮೊದಲು ನಾನೊಬ್ಬಳೇ ಹಾಡಬೇಕು, ಆಮೇಲೆ ಐವರು ಸೇರಬೇಕು. ‘ಹಸಿರು ಹೊಲದ ಹಾದಿಯಲ್ಲಿ ಹಕ್ಕಿ ಹಾಡಿತು’ ಅನ್ನುವುದು ಮೊದಲ ಸಾಲು. ಪಾಪ, ಅವರಿಗೆ ನಮ್ಮೂರು ಹೊಸದು. ನಾನು ಎದೆ ತುಂಬ ಉಸಿರೆಳೆದುಕೊಂಡು, “ಅಸಿರು ಒಲದ ಆದಿಯಲ್ಲಿ ಅಕ್ಕಿ ಆಡಿತು” ಎಂದು ಹಾಡಿದೆ. ಮಿಸ್ಸಿಗೆ ನಗು ತಡೆಯಲಾಗಲಿಲ್ಲ.

“ಅಕ್ಕಿ ಆಟ ಆಡುತ್ತಾ ಏನೇ ಮಹದೇವಿ?”

ಬೈಯಲಿಲ್ಲ. ಅಂಗೈಯಲ್ಲಿ ಚಾಕ್‌ಪೀಸಿನ ಪುಡಿ ಹಾಕಿ ಬಾಯಿಯ ಹತ್ತಿರ ಹಿಡಿಸಿದರು. “‘ಹ’ ಅಂದರೆ ಪುಡಿ ಹಾರಬೇಕು” ಅಂದರು. ಪಕ್ಕದಲ್ಲಿದ್ದ ನನ್ನ ಗೆಳತಿ ಚಿಕ್ಕತಾಯಿ, “ಆರ್ತದೆ ಮಿಸ್, ಆರ್ತದೆ!” ಎಂದು ಕೂಗಿದಳು. ಆರಿದ್ದು ನಮ್ಮ ಗಂಟಲು.

ಮನೆಯಲ್ಲಿ ಚಾಕ್‌ಪೀಸು ಎಲ್ಲಿಂದ ಬರಬೇಕು? ಅಂಗೈಗೆ ರಾಗಿ ಹಿಟ್ಟು ಹಾಕಿಕೊಂಡು ಹಾ, ಹೂ ಅನ್ನುತ್ತಿದ್ದೆ. ಒಲೆಯ ಮೇಲೆ ಹುರುಳಿಕಾಳಿನ ಉಪ್ಸಾರು ಘಮಘಮ ಅನ್ನುತ್ತಿತ್ತು.

“ಇಟ್ಟ ಯಾಕ್ ಊದೀಯವ್ವ? ಸಂಜೆಗೇನ್ ಉಣ್ಣೀಯೆ?” ಅಂದಳು ಅವ್ವ.

“ಇಟ್ಟಲ್ಲ ಅವ್ವ, ಹಿಟ್ಟು.”

“ಊಂ ಕಣವ್ವ. ಇಟ್ಟೇ.”

ಕುಂಟೆಬಿಲ್ಲೆ ಆಡುವುದನ್ನೂ ಬಿಟ್ಟೆ. ಎರಡು ವಾರ ಹೀಗೆ ಊದಿ ಊದಿ, ಒಂದು ದಿನ ಪುಡಿ ನಿಜವಾಗಿಯೂ ಹಾರಿತು. ಆಗ ಬಂದ ಜಂಬ ಎಷ್ಟೆಂದರೆ, ಆ ಭಾನುವಾರ ಬುತ್ತಿ ಹೊತ್ತುಕೊಂಡು ಹೊಲಕ್ಕೆ ಹೋದವಳು ಕೆಳಗೆ ಇಳಿಸುವ ಮೊದಲೇ ಶುರು ಮಾಡಿದೆ. ಹಿಂದಿನ ದಿನ ಮಳೆಯಾಗಿ ಮಣ್ಣು ಮೆತ್ತಗಿತ್ತು, ಕಿತ್ತ ತುಂಬೆ ಗಿಡದ ವಾಸನೆ ಹೊಲವೆಲ್ಲ ತುಂಬಿತ್ತು. ಏಳೆಂಟು ಹೆಂಗಸರು ರಾಗಿ ಸಾಲಿನಲ್ಲಿ ಬಗ್ಗಿದ್ದರು. ಅವ್ವ ಎತ್ತಿಕೊಡುತ್ತಿದ್ದಳು:

“ಊವ ಮುಡ್ಕಂಡು ಒಂಟೋಳೆ ತಂಗೀ, ಆದಿ ಉದ್ದ, ಅವ್ವ ಒಬ್ಬಳೇ…”

“ಅವ್ವಾ, ಊವ ಅಲ್ಲ, ಹೂವ! ಒಂಟೋಳೆ ಅಲ್ಲ, ಹೊಂಟೋಳೆ! ನೀನು ಎಲ್ಲಾನೂ ತಪ್ಪು ಹಾಡ್ತೀಯ” ಅಂದೆ, ಎಲ್ಲರಿಗೂ ಕೇಳುವ ಹಾಗೆ.

ಹೆಂಗಸರು ನಕ್ಕರು. ಒಬ್ಬಾಕೆ, “ಇನ್ಮ್ಯಾಕೆ ನಿನ್ ಮಗಳ್ನೇ ಕರ್ಕಂಡು ಬಾ ಕಣಕ್ಕ, ಎತ್ಕೊಡಾಕೆ” ಎಂದು ರೇಗಿಸಿದಳು. ಅವ್ವನೂ ನಕ್ಕಳು. ಮುಂದಿನ ಸಾಲು ಬಾಯಿಗೆ ಬಂದು ನಿಂತಂತಾಯಿತು. ಪಕ್ಕದಾಕೆ ಹಾಡನ್ನು ಹಿಡಿದು ಮುಂದೆ ಒಯ್ದಳು. ಅವ್ವ ತಲೆ ಬಗ್ಗಿಸಿ ಕಳೆ ಕೀಳುತ್ತಾ ಹೋದಳು. ನಾನು ಗೆದ್ದವಳ ಹಾಗೆ ಬದುವಿನ ಮೇಲೆ ಕುಳಿತು ಮುದ್ದೆ ಮುರಿದೆ.

ಸ್ಪರ್ಧೆಯ ದಿನ ಬಸ್ಸಿನಲ್ಲಿ ದಾರಿಯುದ್ದಕ್ಕೂ ಮಿಸ್ ನನ್ನ ಕೈ ಹಿಡಿದುಕೊಂಡೇ ಇದ್ದರು. ಸ್ಟೇಜಿನ ಮೇಲೆ ನಿಂತಾಗ ಮೊದಲ ಸಾಲು ಹೇಗೆ ಬಂತು ಅಂತೀರಿ! ಹಸಿರು, ಹೊಲ, ಹಾದಿ, ಹಕ್ಕಿ, ಒಂದೊಂದು ‘ಹ’ವೂ ಮಣಿ ಪೋಣಿಸಿದಂತೆ ಬಂತು. ಕೆಳಗಿದ್ದ ಮಿಸ್ಸಿನ ಮುಖ ಅರಳಿತು. ಬಂದ ‘ಹ’ ಅಲ್ಲಿಗೆ ಹೋಗಬೇಕಿತ್ತು. ಹೋಗಲಿಲ್ಲ. ಎರಡನೇ ಸಾಲು, ‘ಅಮ್ಮ ಎದ್ದು ಅಂಗಳದಲ್ಲಿ ಆಲಿಸಿ ನಿಂತಳು’. ನಾನು ಅದೇ ಜೋರಿನಲ್ಲಿ, ಎದೆಯುಬ್ಬಿಸಿಕೊಂಡು ಹಾಡಿದೆ: “ಹಮ್ಮ ಹೆದ್ದು ಹಂಗಳದಲ್ಲಿ ಹಾಲಿಸಿ ನಿಂತಳು!”

ಇಡೀ ಸಭೆ ನಕ್ಕಿತು. ಯಾಕೆ ನಗುತ್ತಿದ್ದಾರೆಂದು ನನಗೆ ತಿಳಿಯಲೇ ಇಲ್ಲ. ಸರಿಯಾಗಿಯೇ ಹಾಡುತ್ತಿದ್ದೇನೆ ಅಂದುಕೊಂಡು ಇನ್ನಷ್ಟು ಒತ್ತಿ ಹಾಡಿದೆ. ನಮ್ಮದು ಮುಗಿದ ಮೇಲೆ ತೀರ್ಪುಗಾರರಲ್ಲಿ ಒಬ್ಬರು ಮೈಕಿನಲ್ಲೇ, “ಹಮ್ಮ ಹೆದ್ದ ಮೇಲೆ ಹೇನು ಮಾಡಿದಳಮ್ಮಾ?” ಎಂದು ಕೇಳಿದರು. ಆಗ ತಿಳಿಯಿತು. ಸಿನಿಮಾದಲ್ಲಾದರೆ ಇಲ್ಲಿ ಪಿಟೀಲು ಶುರುವಾಗುತ್ತದೆ. ನಮಗೆ ಶುರುವಾದದ್ದು ಮುಂದಿನ ಶಾಲೆಯ ಹಾಡು.

ವಾಪಸ್ಸು ಬರುವಾಗ ಮಿಸ್ ಬೋಂಡ ಕೊಡಿಸಿದರು. ನನ್ನ ತಲೆ ಸವರಿ, “ಮುಂದಿನ ಸಲ ನೀನು ತಾಳ ಹಾಕು ಪುಟ್ಟಿ, ಚಿಕ್ಕತಾಯಿ ಹಾಡಲಿ” ಅಂದರು. ಅವರ ಮೇಲೆ ಸಿಟ್ಟು ಮಾಡಿಕೊಳ್ಳೋಣ ಎಂದರೆ ಅವರು ಒಳ್ಳೆಯವರು. ನನಗೆ ಇವತ್ತಿಗೂ ರೇಗುವುದು ಅದಕ್ಕೇ. ಕೆಟ್ಟವರಾಗಿದ್ದರೆ ಬೈದುಕೊಂಡಾದರೂ ಹಗುರಾಗುತ್ತಿದ್ದೆ.

ಅವ್ವ ಬಾಗಿಲಲ್ಲೇ ಕಾಯುತ್ತಿದ್ದಳು. “ಆಡ್ದ್ಯಾ ಮಗ?”

“ಊಂ” ಅಂದು ಒಳಗೆ ಹೋದೆ. ಆಮೇಲೆ ನಾನು ಹಾಡಲಿಲ್ಲ. ವರ್ಷವಿಡೀ ಶಾಲೆಯಲ್ಲಿ ನನ್ನ ಹೆಸರು ‘ಹಮ್ಮ’ ಎಂದೇ ಆಯಿತು. ಹಾಡು ಬಿಟ್ಟೆ, ಆದರೆ ‘ಹ’ ಬಿಡಲಿಲ್ಲ. ಹಟ ಹಿಡಿದು ಕಲಿತೆ. ಎಲ್ಲಿ ಹಾಕಬೇಕು, ಎಲ್ಲಿ ಬಿಡಬೇಕು ಅನ್ನುವುದೆಲ್ಲ ಈಗ ನಿದ್ದೆಗಣ್ಣಿನಲ್ಲೂ ಗೊತ್ತು. ಯಳಂದೂರಿನ ನನ್ನ ಆಫೀಸಿಗೆ ಬರುವವರು, “ಮೇಡಂ, ನಿಮ್ದು ಮೈಸೂರಾ?” ಎಂದು ಕೇಳುತ್ತಾರೆ. ಅದನ್ನು ಹೊಗಳಿಕೆ ಎಂದುಕೊಂಡು ಖುಷಿಪಡುತ್ತಾ ಬಂದಿದ್ದೇನೆ.

ಸಿನಿಮಾ ಮುಗಿಸಿ ಮನೆಗೆ ಬಂದೆವು. ಸಿಂಚನ ಊಟದ ತಟ್ಟೆ ಬಡಿಯುತ್ತಾ, “ಅಜ್ಜಿ, ನಿಂಗೆ ಹಾಡಕ್ಕೆ ಬರುತ್ತಾ?” ಅಂದಳು. “ಯಾಕೆ ಬರಲ್ಲ? ಕಳೆ ಕೀಳೋ ಹಾಡು ಹೇಳವ್ವ, ಹೂವ ಮುಡ್ಕಂಡು ಹೋಗೋದು” ಅಂದೆ ನಾನು. ಉರಿ ಇನ್ನೂ ಇಳಿದಿರಲಿಲ್ಲ. ಆ ಸುಳ್ಳು ಸಿನಿಮಾದ ಎದುರಿಗೆ ಒಂದು ನಿಜವಾದ ಹಾಡು ನನ್ನ ಮಗಳ ಕಿವಿಗೆ ಬೀಳಲಿ ಅನ್ನಿಸಿತ್ತು.

ಅವ್ವ ನನ್ನ ಮುಖ ನೋಡಿದಳು. “ಈಗ್ಯಾಕವ್ವ ಅದೆಲ್ಲ” ಅಂದಳು. ಮೊಮ್ಮಗಳು ಬಿಡಲಿಲ್ಲ. ಅವ್ವ ಸೆರಗು ಸರಿಮಾಡಿಕೊಂಡು, ಬೆನ್ನು ನೆಟ್ಟಗೆ ಮಾಡಿ, ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಮೆಲ್ಲಗೆ ಶುರು ಮಾಡಿದಳು:

“ಹೂವ ಮುಡ್ಕಂಡು ಹೊಂಟೋಳೆ ತಂಗೀ, ಹಾದಿ ಹುದ್ದ, ಹವ್ವ ಹೊಬ್ಬಳೇ…”

ಸಿಂಚನ ಬಿದ್ದು ಬಿದ್ದು ನಕ್ಕಳು. ಅವ್ವ ನಿಲ್ಲಿಸಲಿಲ್ಲ. ಒಂದೊಂದು ‘ಹ’ ಬಂದಾಗಲೂ ನನ್ನ ಕಡೆ ನೋಡುತ್ತಾ ಪೂರ್ತಿ ಹಾಡಿದಳು. ಹೊಲದಲ್ಲಿ ನೀರಿನಂತೆ ಹರಿಯುತ್ತಿದ್ದ ಹಾಡು ಹೆಜ್ಜೆಹೆಜ್ಜೆಗೂ ಎಡವುತ್ತಿತ್ತು.

“ಸರ್ಯಾಗ್ ಆಡ್ದ್ನಾ ಮಗ?”

“ಸರಿಯಾಗಿ ಹಾಡಿದೆ ಅವ್ವ” ಅಂದೆ.

ಅವಳಿಗೆ ಸಮಾಧಾನವಾಯಿತು. “ನಿನ್ ಮಕ್ಳ ಮುಂದೆ ನಿಂಗೆ ನಾಚ್ಕೆ ಆಗಬಾರ್ದಲ್ಲ, ಅದ್ಕೇ ಕಲ್ತ್ಕಂಡಿವ್ನಿ” ಅಂದಳು.

ಇಷ್ಟು ವರ್ಷ ಒಂದು ಬಹುಮಾನ ಕಳೆದುಕೊಂಡೆ ಎಂದು ನಾನು ಸಂಕಟಪಟ್ಟುಕೊಂಡೇ ಬಂದಿದ್ದೆ. ಮೈಕು ಹಿಡಿದು ನನ್ನನ್ನು ಆಡಿಕೊಂಡ ಆ ತೀರ್ಪುಗಾರನನ್ನು ಎಷ್ಟು ಸಲ ಶಪಿಸಿದ್ದೇನೋ ಲೆಕ್ಕವಿಲ್ಲ. ಬುತ್ತಿ ಹೊತ್ತುಕೊಂಡು ಹೋದ ದಿನ ನಾನೇ ಅವ್ವನಿಗೆ ತೀರ್ಪು ಕೊಟ್ಟಿದ್ದೆ. ಅದನ್ನು ಅವಳು ಇಷ್ಟು ಕಾಲ ತಲೆಯ ಮೇಲಿಟ್ಟುಕೊಂಡು ನಡೆಸಿದ್ದಾಳೆ. ಆ ಹಾಡನ್ನು ಇದ್ದ ಹಾಗೆ ಹಾಡುವವರು ನಮ್ಮ ಮನೆಯಲ್ಲಿ ಈಗ ಒಬ್ಬರೂ ಇಲ್ಲ.