ಸೊಳ್ಳೆಪರದೆಯೊಳಗಿನ ಸವತಿ

ಮೊನ್ನೆ ಬೆಳಿಗ್ಗೆ ಕಸ ಗುಡಿಸುವಾಗ ದಾರಂದದ ಬುಡದಲ್ಲಿ ಚಿಟಿಕೆಯಷ್ಟು ಮರದ ಪುಡಿ ಕಂಡಿತು. ಜರಡಿ ಹಿಡಿದ ಅಕ್ಕಿಹಿಟ್ಟಿನಷ್ಟು ನಯ. ಬೇರೆಯವರಾದರೆ ಹುಳ ಬಿದ್ದಿದೆ ಎಂದು ಸೀಮೆಎಣ್ಣೆ ಹುಡುಕುತ್ತಿದ್ದರು. ನಾನು ಪೊರಕೆ ಹಿಡಿದುಕೊಂಡೇ ಹೊಸ್ತಿಲ ಮೇಲೆ ಕೂತುಬಿಟ್ಟೆ. ಯಜಮಾನರು ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ. ದುಃಖ ಉಕ್ಕಿ ಬಂತೆಂದು ನೀವು ತಿಳಿಯಬಹುದು. ಬಂದದ್ದು ಹೊಟ್ಟೆಕಿಚ್ಚು, ಅದೂ ಎಳ್ಳುಕಾಳಿಗಿಂತ ಚೂರು ದೊಡ್ಡದಾದ ಒಂದು ಹುಳದ ಮೇಲೆ. ನಗಬೇಡಿ, ಹೇಳುತ್ತೇನೆ.

ಐವತ್ತರ ದಶಕದ ಕೊನೆ. ಬೂದಿಕೋಟೆಯವಳಾದ ನಾನು ಮದುವೆಯಾಗಿ ಬಂಗಾರಪೇಟೆಗೆ ಬಂದ ಹೊಸತು. ಅವರು ಚಿನ್ನದ ಗಣಿಯ ಕಡೆ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಬೆಳಿಗ್ಗೆ ರೈಲಿಗೆ ಹೋಗಿ ಸಂಜೆ ರೈಲಿಗೆ ಬರುತ್ತಿದ್ದರು. ಮನೆಯಲ್ಲಿ ನಾವಿಬ್ಬರು, ಅತ್ತೆ. ಆಗ ಗಣಿಯೊಳಗೆ ಬಂಡೆ ಕುಸಿಯದಂತೆ ಆನಿಸಿದ್ದ ಮರದ ದಿಮ್ಮಿಗಳು ಹಳತಾದ ಮೇಲೆ ಸೌದೆಗೆ ಬರುತ್ತಿದ್ದವು. ಅಂಥ ಒಂದು ಗಾಡಿ ಸೌದೆ ರಾಬರ್ಟ್‌ಸನ್‌ಪೇಟೆಯಿಂದ ನಮ್ಮ ಹಿತ್ತಲಿಗೆ ಬಂದು ಬಿತ್ತು. ಒಂದು ತುಂಡಿನ ಮೈತುಂಬ ಸೂಜಿ ಚುಚ್ಚಿದಂಥ ತೂತುಗಳು. ಅದರಿಂದ ಹೊರಬಂದ ಒಂದು ಹುಳವನ್ನು ಅವರು ಭೂತಗನ್ನಡಿಯಲ್ಲಿ ನೋಡಿದರು. ಶಾಲೆಗೆ ಒಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಬೆಂಗಳೂರಿನಲ್ಲಿ ತಮಗೆ ಪಾಠ ಹೇಳಿದ್ದ ಪ್ರೊಫೆಸರಿಗೆ ತೋರಿಸಿದರು. ಆ ಪ್ರೊಫೆಸರು ತಿಂಗಳುಗಟ್ಟಲೆ ಪುಸ್ತಕಗಳಲ್ಲಿ ಹುಡುಕಿ, ಇದು ಹೊಸ ಜಾತಿಯ ಹುಳ, ಇದನ್ನು ಲೋಕದಲ್ಲಿ ಯಾರೂ ವರ್ಣಿಸಿಲ್ಲ, ನೀನೇ ವರ್ಣಿಸು ಎಂದರಂತೆ.

ಆಮೇಲೆ ಆ ಸೌದೆ ಸೌದೆಯಾಗಿ ಉಳಿಯಲಿಲ್ಲ. ನಡುಮನೆಗೆ ಬಂದು ಮಣೆಯ ಮೇಲೆ ಕೂತಿತು. ಹುಳಗಳು ಹಾರಿಹೋಗದಿರಲೆಂದು ಅದಕ್ಕೊಂದು ಪರದೆ ಬೇಕಾಯಿತು. ಮನೆಯಲ್ಲಿದ್ದದ್ದು ಒಂದೇ ಸೊಳ್ಳೆಪರದೆ, ನನ್ನ ತವರಿನವರು ಮದುವೆಗೆ ಕೊಟ್ಟದ್ದು. ಅದನ್ನು ನಮ್ಮ ಹಾಸಿಗೆಯಿಂದ ಬಿಚ್ಚಿ ಸೌದೆಗೆ ಕಟ್ಟಿದರು. ಪರದೆಯೊಳಗೆ ಅದು, ಮದುಮಗಳ ಹಾಗೆ. ಹೊರಗೆ ನಾನು, ಸೊಳ್ಳೆ ಹೊಡೆಯುತ್ತಾ.

“ನೋಡ್ಕಳೇ ನಿನ್ ಸವತೀನ,” ಎಂದರು ಅತ್ತೆ. ಮಗನ ಕಡೆ ತಿರುಗಿ, “ಒಳ್ಳೇವ್ಳನ್ನೇ ತಂದಿದ್ದೀಯ ಕಣ್ಲಾ ನಾಯ್ನಾ! ಅನ್ನ ಇಕ್ಕಂಗಿಲ್ಲ, ಸೀರೆ ಕೊಡ್ಸಂಗಿಲ್ಲ.”

ಅವರು ನಕ್ಕರು. ನಾನು ನಗಲಿಲ್ಲ.

ಸಂಜೆ ಕಾಫಿ ಕುಡಿದು ವರ್ಣನೆಗೆ ಕೂರುತ್ತಿದ್ದರು. ಬರೆಯುವುದು ಇಂಗ್ಲಿಷಿನಲ್ಲಿ, ನಮಗೆ ಕನ್ನಡದಲ್ಲಿ ಹೇಳುವರು. ಲೋಯರ್ ಸೆಕೆಂಡರಿ ಮುಗಿಸಿದ್ದ ನನಗೆ ಅಷ್ಟು ಅರ್ಥವಾಗುತ್ತಿತ್ತು. ಮೈ ಹುಣಸೆಬೀಜದ ಬಣ್ಣ. ಮೇಲಿನಿಂದ ನೋಡಿದರೆ ತಲೆ ಕಾಣದು. ಸೆರಗು ಹೊದ್ದಂತೆ ಎದೆಯ ಕವಚ ಅದರ ಮೇಲೆ ಬಾಗಿದೆ. ರೆಕ್ಕೆಯ ಮೇಲೆ ಸಾಲುಸಾಲು ಚುಕ್ಕಿಗುಳಿ. ಬೆನ್ನಿನ ಇಳಿಜಾರಿನಲ್ಲಿ ಚಿನ್ನದ ಬಣ್ಣದ ಕೂದಲು, ಹಿಂದಕ್ಕೆ ಒರಗಿದ್ದು. “ಬರೀ ಒರಗಿದ್ದು ಅಂದ್ರೆ ಸಾಲ್ದು,” ಎಂದು ಅದನ್ನು ಹೊಡೆದುಹಾಕಿ, ‘ಕೊಂಚವೇ ಒರಗಿದ್ದು’ ಎಂದು ತಿದ್ದುವರು. ಕೂದಲು ಎಷ್ಟು ಒರಗಿದೆ ಎನ್ನುವುದಕ್ಕೇ ಒಂದು ಸಂಜೆ!

“ಎಣ್ಣು ನೋಡಕ್ ಓದಾಗ ಇವ್ನು ಕತ್ತೇ ಎತ್ನಿಲ್ಲ,” ಎಂದರು ಅತ್ತೆ ನನಗೆ. “ಎಂಗವ್ಳಪ್ಪಾ ಅಂದ್ರೆ ಪರ್ವಾಗಿಲ್ಲ ಅಂದ. ಈಗ ನೋಡು, ಉಳದ್ ಕೂದ್ಲಿಗೂ ಬಣ್ಣ ಏಳ್ತವ್ನೆ!”

ಅತ್ತೆಗೆ ಅದು ತಮಾಷೆ. ನನಗೆ ಅನ್ನ ಸೇರಲಿಲ್ಲ. ನನಗೂ ಮೊಳದುದ್ದ ಕೂದಲಿತ್ತು. ಅದು ಎತ್ತ ಒರಗಿದೆ ಎಂದು ಕೇಳಿದವರಿರಲಿಲ್ಲ.

ಮಳೆ ಹಿಡಿದ ಒಂದು ಮಧ್ಯಾಹ್ನ ಸೌದೆಯೆಲ್ಲ ನೆನೆದು ಒಲೆ ಬರೀ ಹೊಗೆಯಾಡುತ್ತಿತ್ತು. “ಆ ಸವತೀನ್ ತಂದು ಇಕ್ಕೇ, ಉರೀತಾಳೆ,” ಎಂದರು ಅತ್ತೆ. ಅತ್ತೆ ಹೇಳಿದ್ದು ನಗುತ್ತಾ. ನಾನು ಎದ್ದೇಬಿಟ್ಟೆ. ಪರದೆ ಬಿಚ್ಚಿ, ತುಂಡನ್ನು ಅವುಚಿಕೊಂಡು ಬಂದು ಒಲೆಯ ಮುಂದೆ ಕೂತೆ. ಅಷ್ಟರಲ್ಲಿ ಒಂದು ತೂತಿನಿಂದ ಪುಡಿ ಉದುರಿತು. ಹಿಂದೆಯೇ ಹುಳ. ಅಳುಕುತ್ತಾ ಹೊರಬಂದು ನನ್ನ ಹೆಬ್ಬೆರಳು ಹತ್ತಿತು. ಕೂದಲು ಒರಗಿದ್ದು ಬರಿಗಣ್ಣಿಗೆ ಕಾಣಲಿಲ್ಲ. ಆದರೆ ಒಲೆಯ ಬೆಳಕಿಗೆ ಬೆನ್ನು ಚಿನ್ನದ ಹಾಗೆ ಮಿನುಗಿತು. ಅವರು ಸುಳ್ಳು ಬರೆದಿರಲಿಲ್ಲ. ಕುರೂಪಿಯಾಗಿದ್ದರೆ ಸುಟ್ಟುಬಿಡುತ್ತಿದ್ದೆನೇನೋ. ಚೆಂದವಿತ್ತು. ಅದಕ್ಕೇ ಕಿಚ್ಚು ಹೆಚ್ಚಾಯಿತು, ಅದಕ್ಕೇ ಸುಡಲೂ ಕೈ ಬರಲಿಲ್ಲ. ಲೋಟ ಬೋರಲು ಹಾಕಿ ಮುಚ್ಚಿಟ್ಟೆ.

ಸಂಜೆ ಅವರು ಬಂದಾಗ ಪರದೆ ನೆಲದ ಮೇಲಿತ್ತು.

“ಒಲೆಗಿಕ್ಕಕ್ ಓಗಿದ್ದೆ,” ಎಂದೆ. ಬೈಯಲಿ ಎಂದು ಕಾದೆ.

ಅವರು ಒದ್ದೆ ಛತ್ರಿ ಹಿಡಿದೇ ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತರು. “ಮತ್ತೆ ಯಾಕೆ ಇಕ್ನಿಲ್ಲ?”

“ಚೆಂದಾಗಿತ್ತು.”

“ಅಲ್ವಾ!” ಎಂದರು. ಮುಖವೆಲ್ಲ ಅರಳಿ, ನನ್ನ ಕಣ್ಣನ್ನೇ ನೋಡುತ್ತಾ ಎಂದರು. ಮದುವೆಯಾದ ಮೇಲೆ ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು. ಆಮೇಲೆ ಕೇಳಿದರು: “ಈಗ ಎಲ್ಲದೆ ಅದು?”

ಆ ಹುಳವನ್ನೇ ಮಾದರಿಯೆಂದು ಆರಿಸಿದರು. ಮುಂದೆ ಯಾರಿಗೆ ಎಲ್ಲಿ ಇಂಥದು ಸಿಕ್ಕರೂ ಇದರ ಪಕ್ಕ ಇಟ್ಟು ಹೋಲಿಸಬೇಕಂತೆ. ಚೂಪಾಗಿ ಕತ್ತರಿಸಿದ ಕಾಗದದ ತುದಿಗೆ ಅದನ್ನು ಅಂಟಿಸಿ, ಸೂಜಿಯಲ್ಲಿ ನಿಲ್ಲಿಸಿ, ಕೆಳಗೆ ಉಗುರಗಲದ ಚೀಟಿಯಲ್ಲಿ ಊರಿನ ಹೆಸರು, ತಮ್ಮ ಹೆಸರು ಬರೆದರು, ಸಾಸಿವೆಯಂಥ ಅಕ್ಷರ. ದೂರದೇಶದ ವಸ್ತುಸಂಗ್ರಹಾಲಯಕ್ಕೆ ಕಳಿಸಿದರು. ಸವತಿ ಮನೆ ಬಿಟ್ಟಳೆಂದು ಅತ್ತೆ ಪಾಯಸ ಮಾಡಿಸಿದರು.

“ಎಷ್ಟ್ ವರ್ಸ ಇಟ್ಕಂಡಿರ್ತಾರೆ ಅದನ್ನ?” ಎಂದು ಕೇಳಿದೆ.

“ನಾವ್ ಸತ್ಮೇಲೂ ಇರ್ತದೆ ಕಣೇ,” ಎಂದರು, ಬಲು ಸಂತೋಷದಿಂದ.

ಈಗ ಅವರ ಅಂಗಿಗಳನ್ನು ಕೊಟ್ಟಾಯಿತು. ಕನ್ನಡಕ ಇದೆ, ಹಾಕಿಕೊಂಡರೆ ನನಗೆ ಏನೂ ಕಾಣುವುದಿಲ್ಲ. ಇಷ್ಟು ವರ್ಷ, ನನ್ನನ್ನು ಬಿಟ್ಟು ಅದನ್ನು ಅಷ್ಟು ನೋಡಿದರಲ್ಲ ಎಂದು ಉರಿಯುತ್ತಿದ್ದೆ. ಮೊನ್ನೆ ಹೊಸ್ತಿಲ ಮೇಲೆ ಕೂತಾಗ ಆ ಲೆಕ್ಕ ಯಾಕೋ ಮುಖ್ಯವೆನಿಸಲಿಲ್ಲ. ಬೇರೆಯೇ ಒಂದು ಕಿಚ್ಚು ಹತ್ತಿಕೊಂಡಿತು. ನಾನು ಕಾಣದ ಯಾವುದೋ ಊರಿನ ಗಾಜಿನ ಪೆಟ್ಟಿಗೆಯೊಳಗೆ ಅವರು ನಿಲ್ಲಿಸಿದ ಹಾಗೆಯೇ ಅದು ನಿಂತಿದೆ, ಕಾಲಡಿಯಲ್ಲಿ ಅವರ ಅಕ್ಷರ ಇಟ್ಟುಕೊಂಡು. ಅವರು ಇನ್ನಿಲ್ಲ ಎಂದು ಅದಕ್ಕೆ ಯಾರೂ ಹೇಳಿಲ್ಲ.